ಹೆಪ್ಪುಗಟ್ಟಿದ ನದಿಗೆ ಮಸಿ ಹಚ್ಚಿ ಬಂದದ್ದು

ಫೆಬ್ರುವರಿಯ ಲಾಂಗ್ ವೀಕೆಂಡಿಗೆ ಎರಡು ದಿನ ರಜೆ ಸೇರಿಸಿಕೊಂಡು, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟೆವು. ಇಂಥ ರಜೆ ಬಂದರೆ ನಮ್ಮ ಬಳಗದವರು ಫ್ಲಾರಿಡಾಕ್ಕೋ ಅಟ್ಲಾಂಟಾದ ನೆಂಟರ ಮನೆಗೋ, ಒಟ್ಟಿನಲ್ಲಿ ಬಿಸಿಲಿರುವ ಕಡೆಗೆ ಹೋಗುತ್ತಾರೆ. ನಾನೂ ನನ್ನ ಗಂಡ ಶ್ರೀಧರನೂ ಮಾತ್ರ ಇರುವ ಚಳಿ ಸಾಲದೆಂಬಂತೆ ಇನ್ನಷ್ಟು ಚಳಿ ಹುಡುಕಿಕೊಂಡು ಗುಡ್ಡದ ಕಡೆಗೆ ಹೊರಟಿದ್ದೆವು. ಮೈಸೂರಿನಲ್ಲಿ ಡಿಸೆಂಬರಿಗೇ ಕಿವಿಗೆ ಮಫ್ಲರ್ ಸುತ್ತುತ್ತಿದ್ದವಳು ನಾನು. ನನ್ನನ್ನು ಹೀಗೆ ಹೊರಡಿಸಿದ್ದು ಶಾಂತಕ್ಕನ ಫೋನು.

ಶಾಂತಕ್ಕ ಬಾಗಲಕೋಟೆಯವರು, ಡಾಕ್ಟರು. ಮೊದಲು ಜರ್ಮನ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಆಮೇಲೆ ಮೇರಿಲ್ಯಾಂಡಿನ ಪಶ್ಚಿಮದ ತುದಿಯಲ್ಲಿ, ಪೊಟೋಮ್ಯಾಕ್ ನದಿ ಇನ್ನೂ ಸಣ್ಣದಾಗಿ ಗುಡ್ಡಗಳ ನಡುವೆ ಹರಿಯುವ ಒಂದು ಪುಟ್ಟ ಊರಿಗೆ ಹೋಗಿ ಕ್ಲಿನಿಕ್ ತೆರೆದರು. ನದಿಗೆ ಬೆನ್ನು ಹಾಕಿ ನಿಂತ ಹಳೆಯ ಕಟ್ಟಡ. ಕೆಳಗೆ ಕ್ಲಿನಿಕ್, ಮೇಲೆ ಮನೆ. ಆ ಊರಿಗೆ ಇವರೊಬ್ಬರೇ ಡಾಕ್ಟರು. ಎರಡು ಚಳಿಗಾಲದ ಹಿಂದೆ ನದಿಯ ಮೇಲಿನ ಮಂಜುಗಡ್ಡೆ ಒಡೆದು ಸೇತುವೆಗೆ ಸಿಕ್ಕಿಕೊಂಡು, ಹಿಂದೆ ನಿಂತ ನೀರು ಗಂಟೆಯೊಳಗೆ ಓಣಿಗೆ ಏರಿ, ಕ್ಲಿನಿಕ್ಕಿನಲ್ಲಿದ್ದುದನ್ನೆಲ್ಲ ಹಾಳುಮಾಡಿತ್ತು. ಅದನ್ನೆಲ್ಲ ಬಳಿದು ತೊಳೆದು ಮತ್ತೆ ಬಾಗಿಲು ತೆರೆದಿದ್ದರು. ಅಂದಿನಿಂದ ಅವರ ಗಂಡ ಬಸಣ್ಣ ಒಂದೇ ಪಟ್ಟು ಹಿಡಿದಿದ್ದರು, ಈ ಊರು ಬಿಟ್ಟು ಜಾರ್ಜಿಯಾದ ಕಮ್ಮಿಂಗ್‌ಗೆ, ತಮ್ಮನ ಮನೆಯ ಹತ್ತಿರಕ್ಕೆ ಹೋಗೋಣ ಎಂದು. ಶಾಂತಕ್ಕನಿಗೆ ಬಿಡುವ ಮನಸ್ಸಿರಲಿಲ್ಲ. ಈ ಚಳಿಗಾಲ ಕಳೆದ ಮೇಲೆ ತೀರ್ಮಾನ ಮಾಡೋಣ ಎಂದು ಇಬ್ಬರೂ ಒಪ್ಪಿದ್ದರು.

ಫೋನಿನಲ್ಲಿ ಶಾಂತಕ್ಕ ಹೇಳಿದ್ದು ಇಷ್ಟು: "ವಿಜಯಾ, ಈ ವಾರನ ಬಂದುಬಿಡು. ರವಿವಾರ ಜೋರು ಮಳಿ ಐತಿ ಅನ್ನಾಕತ್ತಾರ. ಅಷ್ಟರಾಗ ಐಸ್ ಹೋತಂದ್ರ ಕುಂತು ರೊಟ್ಟಿ ತಿನ್ನೂಣು. ಇಲ್ಲಂದ್ರ ಸಾಮಾನು ಕಟ್ಟಾಕ ಒಂದು ಕೈ ಬೇಕಾಗ್ತೈತಿ." ನಗುತ್ತಲೇ ಹೇಳಿದರು. ಆ ನಗು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಹೊರಟೆ.

ನಮ್ಮ ಮನೆಯಿಂದ ಅಲ್ಲಿಗೆ ಸುಮಾರು ನೂರಿಪ್ಪತ್ತು ಮೈಲಿ. ಎರಡೂವರೆ ಗಂಟೆಯ ದಾರಿ, ನಾವು ಮೂರೂ ಕಾಲು ಗಂಟೆ ತೆಗೆದುಕೊಂಡೆವು. ಫ್ರೆಡ್ರಿಕ್ ದಾಟುವವರೆಗೆ ಆಫೀಸಿಗೆ ಹೋಗುವವರ ಗದ್ದಲ, ಅದಾದ ಮೇಲೆ ಹಿಮ ಹೊದ್ದ ಹೊಲಗಳು, ಕೆಂಪು ಬಣ್ಣದ ಕೊಟ್ಟಿಗೆಗಳು. ಹ್ಯಾನ್‌ಕಾಕ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ಕಾರಿನ ಬಾಗಿಲು ತೆಗೆದವಳು ತೆಗೆದಷ್ಟೇ ಬೇಗ ಮುಚ್ಚಿದೆ. ಮೈನಸ್ ಹತ್ತು ಡಿಗ್ರಿ. ಫ್ಲಾಸ್ಕಿನ ಕಾಫಿ, ಡಬ್ಬಿಯ ಖಾರಾಬಾತು ಎರಡನ್ನೂ ಕಾರಿನೊಳಗೇ ಮುಗಿಸಿದೆವು. ಮುಂದೆ ಒಂದು ಕಡೆ ಇಡೀ ಗುಡ್ಡವನ್ನೇ ಸೀಳಿ ರಸ್ತೆ ಮಾಡಿದ್ದಾರೆ. ಎರಡೂ ಬದಿಗೆ ಪದರ ಪದರವಾದ ಬಂಡೆ, ಪ್ರತಿ ಪದರದಿಂದಲೂ ನೀರು ಜಿನುಗಿ ಜಿನುಗಿದ ಹಾಗೇ ಗಟ್ಟಿಯಾಗಿ ಜೋತುಬಿದ್ದಿತ್ತು.

"ವಿಜಿ, ಈಗಲೂ ಟರ್ನ್ ಮಾಡ್ಬಹುದು. ಫ್ಲಾರಿಡಾ ಹಿಂದುಗಡೆ ಇದೆ" ಎಂದ ಶ್ರೀಧರ.

"ಡ್ರೈವ್ ಮಾಡೋದು ನೋಡು ನೀನು" ಎಂದೆ.

ಊರು ತಲುಪಿದಾಗ ಹನ್ನೊಂದೂಕಾಲು. ಇಳಿದವಳೇ ಮೊದಲು ನದಿ ನೋಡಲು ಹೋದೆ. ನದಿ ಎಂದರೆ ಹರಿಯಬೇಕು, ಸದ್ದು ಮಾಡಬೇಕು. ಇಲ್ಲಿ ದಡದಿಂದ ದಡಕ್ಕೆ ಬೆಳ್ಳಗೆ, ಉಬ್ಬುತಗ್ಗಾಗಿ, ಸುಮ್ಮನೆ ಬಿದ್ದುಕೊಂಡಿತ್ತು. ಕೆಳಗಡೆ ಎಲ್ಲೋ ನೀರು ಹರಿಯುತ್ತಿದೆ ಎಂದು ನಂಬುವುದೇ ಕಷ್ಟ. ಶಾಂತಕ್ಕನ ಹಿತ್ತಿಲ ಬಾಗಿಲಿನಿಂದ ಅದಕ್ಕೆ ಹೆಚ್ಚು ದೂರವಿರಲಿಲ್ಲ. ಚೆಂದವೇನೋ ಇತ್ತು, ಆದರೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡೇ ವಾಪಸಾದೆ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಶಾಂತಕ್ಕ ಡಾಕ್ಟರ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿ ಬಂದು ತಾವೇ ಬಡಿಸಿದರು. ಅವರು ತುಪ್ಪ ಹಾಕುವುದೆಂದರೆ ಚಮಚದ ಲೆಕ್ಕವಲ್ಲ. ಸಾಕು ಎಂದರೆ ಇನ್ನೊಂದಿಷ್ಟು ಬೀಳುತ್ತದೆ, ಕೈ ಅಡ್ಡ ಹಿಡಿದರೆ ಕೈ ಮೇಲೇ ಬೀಳುತ್ತದೆ. ಪೇಷಂಟುಗಳಿಗೆ ಕೊಲೆಸ್ಟ್ರಾಲ್ ಬಗ್ಗೆ ಉಪದೇಶ ಮಾಡುವವರೂ ಇವರೇ. ಬಸಣ್ಣ ಮಾತ್ರ ಹೆಚ್ಚು ಮಾತಾಡದೆ ತಿನ್ನುತ್ತಿದ್ದರು. ಅವರು ರಸ್ತೆ, ಸೇತುವೆಗಳ ನಕ್ಷೆ ಮಾಡುವ ಇಂಜಿನಿಯರು, ಮನೆಯಿಂದಲೇ ಕೆಲಸ. ಕಿಟಕಿಯ ಪಕ್ಕವೇ ಅವರ ಮೇಜು, ಕಿಟಕಿಯಾಚೆ ಅದೇ ನದಿ.

"ಈ ಸಲ ನೀರು ಬರಲಿಕ್ಕಿಲ್ಲ ಬಿಡಿ ಬಸಣ್ಣ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬರಲಿ, ಬಿಡಲಿ. ಪ್ರತಿ ಚಳಿಗಾಲಕ್ಕ ಹಿಂಗ ಕೈ ಕಟ್ಟಿ ಕುಂತು ನದಿ ಕಾಯೂದು ನನ್ನ ಕೈಲೆ ಆಗೂದಿಲ್ರಿ" ಎಂದರು ಅವರು. "ನಮ್ಮ ತಮ್ಮ ಕಮ್ಮಿಂಗ್‌ನಾಗ ಮನಿ ನೋಡಿಟ್ಟಾನ. ಅಲ್ಲಿ ಹೊಳಿನೂ ಇಲ್ಲ, ಐಸೂ ಇಲ್ಲ."

ಶಾಂತಕ್ಕ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಹಾಗಾದರೆ ಐಸ್ ಹೋದರೂ ಇವರು ಈ ಊರಿನಲ್ಲಿ ಉಳಿಯುತ್ತಾರೆಂಬ ಭರವಸೆ ಇಲ್ಲ ಎಂಬುದು ನನಗೆ ಆಗ ತಿಳಿಯಿತು.

ಮಧ್ಯಾಹ್ನ ಎರಡಕ್ಕೆ ಊರಿನವರೆಲ್ಲ ನದಿ ದಡದಲ್ಲಿ ಸೇರಿದರು. ಊರಿನ ರಸ್ತೆ, ಚರಂಡಿಗಳನ್ನು ನೋಡಿಕೊಳ್ಳುವ ಡೇಲ್ ಎಂಬಾತ ಮುಂದಾಳು. ಕೆಂಪು ಮುಖ, ಭಾರೀ ಗಡ್ಡ, ಗಡ್ಡದ ತುದಿಯಲ್ಲಿ ಆತನದೇ ಉಸಿರು ಗಟ್ಟಿಯಾಗಿ ಕೂತಿತ್ತು. ನಾನು ಹೊಸಬಳೆಂದು ಆತ ತಾಳ್ಮೆಯಿಂದ ವಿವರಿಸಿದ. ಊರಿನ ಮೇಲ್ಗಡೆ, ಬರೀ ಹೊಲಗಳಿರುವಲ್ಲಿ, ದಪ್ಪ ದಿಮ್ಮಿಗಳನ್ನು ಸರಪಳಿಯಲ್ಲಿ ಪೋಣಿಸಿ ನದಿಗೆ ಅಡ್ಡ ಕಟ್ಟಿದ್ದಾರೆ. ಮೇಲಿನಿಂದ ಬರುವ ಐಸ್ ಅಲ್ಲೇ ತಡೆದು ನಿಲ್ಲುತ್ತದೆ, ಅಲ್ಲಿ ನೀರು ಉಕ್ಕಿದರೂ ಹೊಲ ನೆನೆಯುತ್ತದೆ ಅಷ್ಟೆ. ಊರಿನ ಎದುರಿಗಿರುವ ಐಸನ್ನು ಮಳೆ ಬರುವ ಮೊದಲೇ ದುರ್ಬಲ ಮಾಡಬೇಕು. ಅದಕ್ಕೆ ಅದರ ಮೇಲೆ ಕಪ್ಪು ಕಲ್ಲಿನ ಪುಡಿ ಎರಚುವುದು. ಬೆಳ್ಳಗಿನ ಐಸ್ ಬಿಸಿಲನ್ನು ವಾಪಸು ಕಳಿಸುತ್ತದೆ, ಕಪ್ಪು ಬಿಸಿಲನ್ನು ಹೀರಿಕೊಂಡು ಕೆಳಗಿನ ಐಸನ್ನು ಕರಗಿಸುತ್ತದೆ. ಭಾನುವಾರದವರೆಗೆ ಆಕಾಶ ತಿಳಿಯಾಗಿರುತ್ತದೆಂದು ಹವಾಮಾನದವರು ಹೇಳಿದ್ದರು. ನದಿಯ ನಡುವೆ ಪುಡಿ ಎರಚಲು ಹಿಂದೆ ದೊಡ್ಡ ಫ್ಯಾನ್ ಇರುವ ಚಪ್ಪಟೆ ದೋಣಿಯೊಂದು ಬಂದಿತ್ತು. ಅದು ಹೋಗಲಾಗದ ದಡದಂಚಿನಲ್ಲಿ, ಐಸ್ ನೆಲಕ್ಕೇ ಕಚ್ಚಿ ನಿಂತಿರುವ ಕಡೆ, ನಾವು ಕೈಯಿಂದ ಹಾಕಬೇಕು.

ಲೈಫ್ ಜಾಕೆಟ್ ತೊಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಡದ ಮರಕ್ಕೆ ಬಿಗಿದು, ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಹಂಚಿದರು. ಶಾಂತಕ್ಕನ ಹಿತ್ತಿಲ ನೇರಕ್ಕಿದ್ದ ಪಟ್ಟಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಡೇಲ್ ಹೊರಡುವಾಗ "ತೆಳ್ಳಗೆ ಹಾಕಿ, ಕೆಳಗಿನ ಐಸ್ ಕಾಣುತ್ತಿರಬೇಕು" ಎಂದ. ಕೇಳಿಸಿಕೊಂಡೆ. ಆದರೆ ಬಕೆಟ್ಟಿಗೆ ಕೈ ಹಾಕಿದ ಮೇಲೆ ಕೈ ಕೇಳಬೇಕಲ್ಲ. ಬಡಿಸುವಾಗ ಕೈ ಬಿಗಿ ಹಿಡಿಯಬಾರದು ಎಂದು ಹೇಳಿಸಿಕೊಂಡೇ ಬೆಳೆದವಳು ನಾನು. ಅದರಲ್ಲೂ ಇದು ಶಾಂತಕ್ಕನ ಮನೆ ಉಳಿಸುವ ಕೆಲಸ. ಪಕ್ಕದ ಪಟ್ಟಿಯ ಮುದುಕಿಯೊಬ್ಬಳು ಉಪ್ಪು ಉದುರಿಸುವಂತೆ ಎರಡೇ ಬೆರಳಲ್ಲಿ ಉದುರಿಸುತ್ತಿದ್ದಳು. ಎಷ್ಟು ಜಿಪುಣಿ ಎಂದುಕೊಂಡೆ. ನಾನು ಬೊಗಸೆ ಬೊಗಸೆಯಾಗಿ ಸುರಿದು, ಅಂಗೈಯಿಂದ ತಟ್ಟಿ, ಎಲ್ಲೂ ಒಂದು ಚೂರು ಬಿಳಿ ಕಾಣದಂತೆ ಮಾಡಿದೆ. ಶ್ರೀಧರ ಬಕೆಟ್ಟು ತುಂಬಿಸಿ ತಂದುಕೊಟ್ಟ. ದಡದ ಮೇಲಿಂದ ನೋಡಿದರೆ ಇಡೀ ನದಿಯಲ್ಲಿ ನಮ್ಮ ಪಟ್ಟಿಯೇ ಎದ್ದು ಕಾಣುತ್ತಿತ್ತು. ನಾನು ಫೋಟೋ ತೆಗೆದು ನಮ್ಮ ಕನ್ನಡ ಗ್ರೂಪಿಗೆ ಹಾಕಿದೆ. ನಲವತ್ತು ಜನ ಹೆಬ್ಬೆರಳು ಎತ್ತಿದರು.

ಬಸಣ್ಣ ಅಷ್ಟು ಹೊತ್ತೂ ಜೇಬಿನಲ್ಲಿ ಕೈ ಇಟ್ಟುಕೊಂಡು ಹಿತ್ತಿಲಲ್ಲಿ ನಿಂತು ನೋಡುತ್ತಿದ್ದರು. ಕೆಳಗಿಳಿಯಲಿಲ್ಲ.

ಮಾರನೆಯ ದಿನ ಶುಕ್ರವಾರ, ಬಿಸಿಲು ಚೆನ್ನಾಗಿ ಬಿತ್ತು. ಮಧ್ಯಾಹ್ನ ಊಟ ಮುಗಿಸಿ ನಮ್ಮ ಸಾಧನೆ ನೋಡಲು ಹೋದೆವು. ಮುದುಕಿಯ ಪಟ್ಟಿ ಕಪ್ಪು ನೀರಿನ ಸಣ್ಣ ಸಣ್ಣ ಕುಳಿಗಳಾಗಿ, ಜರಡಿಯಂತೆ ತೂತುಬಿದ್ದು ಕುಸಿದಿತ್ತು. ಸುತ್ತಮುತ್ತ ಎಲ್ಲವೂ ಹಾಗೇ. ನಮ್ಮದು ಮಾತ್ರ ಗಟ್ಟಿಮುಟ್ಟಾಗಿ, ಸುತ್ತಲಿನ ಐಸ್ ಇಳಿದಿದ್ದರಿಂದ ಇನ್ನೂ ಎತ್ತರವಾಗಿ, ಒಳ್ಳೇ ಕಟ್ಟೆಯಂತೆ ನಿಂತಿತ್ತು. ಕುಳಿತುಕೊಂಡು ಹರಟೆ ಹೊಡೆಯಬಹುದಿತ್ತು.

ಡೇಲ್ ಬಂದು ನೋಡಿದ. ಗಡ್ಡ ಕೆರೆದುಕೊಂಡ. ಇಷ್ಟು ದಪ್ಪ ಹಾಕಿದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ, ಪುಡಿಯೇ ಐಸಿಗೆ ಕಂಬಳಿಯಾಗುತ್ತದೆ ಎಂದ. ಬೈಯಲಿಲ್ಲ, ಆದರೆ ಇದು ಹೀಗೇ ಉಳಿದರೆ ಒಡೆದ ಐಸೆಲ್ಲ ಇಲ್ಲೇ ಬಂದು ಸಿಕ್ಕಿಕೊಳ್ಳುತ್ತದೆ ಎಂದ. ಇಡೀ ಊರಿನಲ್ಲಿ ಒಂದೇ ಒಂದು ಕಟ್ಟೆ, ಅದೂ ಶಾಂತಕ್ಕನ ಹಿತ್ತಿಲಿಗೆ ನೇರವಾಗಿ, ನನ್ನ ಕೈಯಾರೆ ಕಟ್ಟಿದ್ದು. ನಾಚಿಕೆಯಿಂದ ಭೂಮಿಗೆ ಇಳಿದುಹೋಗಬೇಕು ಅನಿಸಿತು. ಅಲ್ಲಿ ಭೂಮಿಯೂ ಇರಲಿಲ್ಲ, ಐಸ್ ಇತ್ತು.

ಶಾಂತಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಣ್ಣಿಗಾಯಿಗೆ ಮಸಾಲಿ ತುಂಬಿದಂಗ ತುಂಬೀಯಲ್ಲ ವಿಜಯಾ. ರಂಗೋಲಿ ಹಿಡದಂಗ ಹಿಡದು ಬಿಡಬೇಕಿತ್ತು" ಎಂದರು. ಆಮೇಲೆ ಒಳಗೆ ಹೋಗಿ ಮನೆಯಲ್ಲಿದ್ದ ಪೊರಕೆಗಳನ್ನೆಲ್ಲ ತಂದರು.

ಆಗ ನಡೆದದ್ದನ್ನು ನಾನು ಮರೆಯುವುದಿಲ್ಲ. ಹಿತ್ತಿಲಲ್ಲಿ ನಿಂತಿದ್ದ ಬಸಣ್ಣ, "ಪೊರಕಿ ಹಾಂಗ ಹಿಡಿಯೂದಲ್ಲ, ಸರೀರಿ" ಎನ್ನುತ್ತ ಜಾಕೆಟ್ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗಿಳಿದರು. ದಪ್ಪ ಪುಡಿಯನ್ನು ಅಕ್ಕಪಕ್ಕದ ಬರಿ ಐಸಿನ ಮೇಲೆ ಗುಡಿಸಿ ಹರಡಬೇಕು, ಒಂದು ಕಣವೂ ದಂಡವಾಗಬಾರದು ಎಂಬುದು ಅವರ ಅಪ್ಪಣೆ. ಒಂದು ದಾರ ತರಿಸಿ ನೇರಕ್ಕೆ ಎಳೆದರು. ಈ ದಾರದ ಗುಂಟ ಐಸ್ ಸೀಳಿದರೆ ದಡದಿಂದ ಬೇರ್ಪಟ್ಟು ಒಂದೇ ತುಂಡಾಗಿ ಹೋಗುತ್ತದೆ ಎಂದು ಡೇಲ್‌ಗೆ ತೋರಿಸಿದರು. ಡೇಲ್ ಒಪ್ಪಲಿಲ್ಲ, ಸೇತುವೆಗೆ ಮುಂಚೆ ನದಿ ತಿರುಗುವ ತಿರುವಿನಲ್ಲಿ ಅದು ಸಿಕ್ಕಿಕೊಳ್ಳುತ್ತದೆ ಎಂದ. ಬಸಣ್ಣ ಪೊರಕೆಯ ಹಿಡಿಯಿಂದ ಐಸಿನ ಮೇಲೇ ನಕ್ಷೆ ಬರೆದು, ಅದು ಬಿಟ್ಟ ಜಾಗದಿಂದ ನೀರು ನುಗ್ಗಿ ತಿರುವನ್ನೂ ಬಿಡಿಸುತ್ತದೆ ಎಂದರು. ಇಬ್ಬರೂ ಚಳಿಯಲ್ಲಿ ನಿಂತು ಮುಕ್ಕಾಲು ಗಂಟೆ ವಾದ ಮಾಡಿದರು. ನಾವು ಗುಡಿಸುತ್ತಲೇ ಇದ್ದೆವು. ಆ ಸಂಜೆ ಬಸಣ್ಣ ಊಟಕ್ಕೆ ಕೂತಾಗ ನಾವು ಬಂದಂದಿನಿಂದ ಮೊದಲ ಸಲ ತಾವಾಗಿ ಮಾತಾಡಿದರು. ಮಾತೆಲ್ಲ ಆ ತಿರುವಿನದೇ.

ಶನಿವಾರವೂ ಒಳ್ಳೆಯ ಬಿಸಿಲು. ನೀರಿನಲ್ಲೂ ತೇಲಬಲ್ಲ, ಉದ್ದ ಕೈಯ ಯಂತ್ರವೊಂದು ಸೇತುವೆಯ ಕೆಳಗಡೆಯಿಂದ ಐಸ್ ಒಡೆಯುತ್ತ ಮೇಲಕ್ಕೆ ಬಂತು. ಮೇಲಿನಿಂದ ಶುರುಮಾಡಿದರೆ ಒಡೆದ ತುಂಡುಗಳಿಗೆ ಹೋಗಲು ದಾರಿ ಇರುವುದಿಲ್ಲವಂತೆ. ಕತ್ತಲಾಗುವಷ್ಟರಲ್ಲಿ ಅದು ತಿರುವಿನವರೆಗೆ ಮಾತ್ರ ಮುಟ್ಟಿತು; ಬಸಣ್ಣನ ದಾರದ ಗುಂಟ ಡೇಲ್ ಗೊಣಗುತ್ತಲೇ ಗರಗಸದಿಂದ ಸೀಳು ಹಾಕಿಸಿದ. ಚರ್ಚಿನವರು ಎಲ್ಲರಿಗೂ ಬೀನ್ಸ್ ಸೂಪು ಮಾಡಿದ್ದರು. ಚೆನ್ನಾಗಿತ್ತು, ಆದರೆ ಸಪ್ಪೆ. ಶಾಂತಕ್ಕ ಶೇಂಗಾ ಚಟ್ನಿಯ ಡಬ್ಬಿ ತಂದಿಟ್ಟರು. ನನ್ನ ಪಕ್ಕದ ಪಟ್ಟಿಯ ಮುದುಕಿ ಎರಡು ಬೆರಳಲ್ಲಿ ಚಿಟಿಕೆ ಚಟ್ನಿ ಸೂಪಿಗೆ ಉದುರಿಸಿಕೊಂಡು, ರುಚಿ ನೋಡಿ, ಆಮೇಲೆ ಡಬ್ಬಿಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ಅವಳನ್ನು ಜಿಪುಣಿ ಎಂದದ್ದನ್ನು ನಾನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಭಾನುವಾರ ಬೆಳಿಗ್ಗೆ ಏಳುವಾಗಲೇ ಮಳೆ. ಚಳಿ ಒಮ್ಮೆಲೇ ಇಳಿದು, ಗಾಳಿ ಬೆಚ್ಚಗಿತ್ತು. ನದಿ ದಡದ ಓಣಿಯವರೆಲ್ಲ ಮೇಲಿನ ಚರ್ಚಿಗೆ ಹೋಗಬೇಕೆಂದು ಹೇಳಿದರು. ಔಷಧಿ, ಕಂಪ್ಯೂಟರು, ಶಾಂತಕ್ಕನ ಹೊಸ ಇಸಿಜಿ ಯಂತ್ರ ಎಲ್ಲವನ್ನೂ ಮೇಲಿನ ಮನೆಗೆ ಸಾಗಿಸಿ ನಾವೂ ಹೋದೆವು. ಚರ್ಚಿನ ಅಂಗಳದಿಂದ ಇಡೀ ನದಿ ಕಾಣುತ್ತಿತ್ತು, ಕ್ಲಿನಿಕ್ಕಿನ ಹಿತ್ತಿಲ ಮೆಟ್ಟಿಲೂ ಕಾಣುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ನದಿ ಸದ್ದು ಮಾಡಿತು. ಲಾರಿಯಿಂದ ಕಲ್ಲು ಇಳಿಸುವಾಗ ಬರುವಂಥ ಸದ್ದು, ಆದರೆ ನಿಲ್ಲದ್ದು. ಐಸ್ ಒಂದಡಿ ಮೇಲಕ್ಕೆದ್ದಿತು, ಉದ್ದಕ್ಕೂ ಬಿರುಕು ಬಿಟ್ಟಿತು, ನಡುವಿನ ತುಂಡುಗಳು ಹೊರಟವು. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲೇ ತಿರುವಿನಲ್ಲಿ ಎಲ್ಲ ಒಂದರ ಮೇಲೊಂದು ಹತ್ತಿ ನಿಂತುಬಿಟ್ಟವು. ಚಪ್ಪಾಳೆ ನಿಂತಿತು. ನೀರು ಕಣ್ಣೆದುರೇ ಏರತೊಡಗಿತು. ಹಿತ್ತಿಲು ಮುಳುಗಿತು. ಕೆಳಗಿನ ಮೆಟ್ಟಿಲು ಕಾಣದಾಯಿತು, ಅದರ ಮೇಲಿನದೂ ಹೋಯಿತು. ಶಾಂತಕ್ಕ ನನ್ನ ಕೈ ಹಿಡಿದುಕೊಂಡರು. ನಾನು ಚಾಮುಂಡಿಯನ್ನು ನೆನೆದೆ. ಇಷ್ಟು ದೂರದ ಹೊಳೆ ಅವಳ ಸುಪರ್ದಿಗೆ ಬರುತ್ತದೋ ಇಲ್ಲವೋ, ನೆನೆದೆ.

ಬಸಣ್ಣ ಮಾತ್ರ ಮೆಟ್ಟಿಲ ಕಡೆ ನೋಡುತ್ತಲೇ ಇರಲಿಲ್ಲ. ಡೇಲ್‌ನ ದುರ್ಬೀನು ಕಿತ್ತುಕೊಂಡು ದಡದಂಚನ್ನೇ ನೋಡುತ್ತಿದ್ದರು. "ದಾರದ ಗುಂಟನ ಬಿಡಾಕತ್ತೈತಿ" ಎಂದರು ಮೆಲ್ಲಗೆ. ನಾನು ಮೊದಲು ಕಟ್ಟೆ ಕಟ್ಟಿ, ಆಮೇಲೆ ನಾವೆಲ್ಲ ಸೇರಿ ಗುಡಿಸಿದ ಆ ಪಟ್ಟಿ ದಡದಿಂದ ಕಳಚಿಕೊಂಡು, ಉದ್ದನೆಯ ಹಲಗೆಯಂತೆ ತಿರುಗಿ, ತಿರುವಿನ ಕಡೆ ಸರಿಯಿತು. ಅದು ಬಿಟ್ಟ ಜಾಗದಲ್ಲಿ ನೀರಿಗೆ ದಾರಿ ಸಿಕ್ಕಿತು. ನಿಂತಿದ್ದ ರಾಶಿ ಒಮ್ಮೆ ಅಲುಗಿತು, ಮತ್ತೆ ಅಲುಗಿತು, ಆಮೇಲೆ ಇಡೀ ರಾಶಿಯೇ ಸೇತುವೆಯ ಕೆಳಗೆ ನುಗ್ಗಿ ಹೋಯಿತು. ಮೆಟ್ಟಿಲುಗಳು ಮತ್ತೆ ಕಂಡವು, ಒದ್ದೆಯಾಗಿ ಹೊಳೆಯುತ್ತ. ಡೇಲ್ ಬಸಣ್ಣನ ಬೆನ್ನಿಗೆ ಹೊಡೆದ ಏಟು ನಮಗೆಲ್ಲ ಕೇಳಿಸಿತು. ನಾನು ಯಾರು ಯಾರನ್ನು ತಬ್ಬಿಕೊಂಡೆನೋ ಗೊತ್ತಿಲ್ಲ. ಅಷ್ಟು ಸಂತೋಷ ನನಗೆ ಈ ದೇಶಕ್ಕೆ ಬಂದ ಮೇಲೆ ಆದದ್ದು ನೆನಪಿಲ್ಲ.

ಸೋಮವಾರ ಬೆಳಿಗ್ಗೆ ನದಿ ಕಂದು ಬಣ್ಣಕ್ಕೆ ತಿರುಗಿ, ದಡದಲ್ಲಿ ಅಲ್ಲೊಂದು ಇಲ್ಲೊಂದು ಐಸಿನ ತುಂಡು ಬಿಟ್ಟು, ಜೋರಾಗಿ ಹರಿಯುತ್ತಿತ್ತು. ನಾವು ಚೀಲಗಳನ್ನು ಕಾರಿಗೆ ಹಾಕಿದೆವು. ಶಾಂತಕ್ಕ ನಮ್ಮ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟು, ಅಂಗಳದಲ್ಲಿ ನಿಂತು ಅದು ಇದು ಮಾತಾಡುತ್ತಿದ್ದರು. ಊರು ಬಿಡುವ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಐಸ್ ಹೋಯಿತು, ಆದರೆ ಇನ್ನೊಂದು ಚಳಿಗಾಲ ಬಂದೇ ಬರುತ್ತದೆ. ಬಸಣ್ಣ ಅಂದದ್ದು ನನ್ನ ಕಿವಿಯಲ್ಲೇ ಇತ್ತು, ಬಹುಶಃ ಅವರ ಕಿವಿಯಲ್ಲೂ.

ಅಷ್ಟರಲ್ಲಿ ಬಸಣ್ಣ ಫೋನಿನಲ್ಲಿ ಮಾತಾಡುತ್ತ ಬಾಗಿಲಿಗೆ ಬಂದರು. ಕಮ್ಮಿಂಗ್‌ನ ತಮ್ಮನೇ ಆ ಕಡೆ ಇದ್ದದ್ದು.

"ಇಲ್ಲಪ್ಪಾ, ಆ ಮನಿ ಬ್ಯಾಡ ಅಂತ ಹೇಳಿಬಿಡು" ಎನ್ನುತ್ತಿದ್ದರು. "ಐಸ್ ಹೋತು ಅಂತ ಅಲ್ಲೋ, ಕೇಳಿಲ್ಲೆ. ಮುಂದಿನ ಚಳಿಗಾಲಕ್ಕ ಈ ಓಣಿ ಐಸ್ ತೆಗಿಯೂ ಕೆಲಸ ನನಗ ಒಪ್ಪಿಸ್ಯಾರ. ತಿರುವಿನಾಗ ನಾ ಹೇಳಿದ್ದ ಖರೆ ಆತು, ಡೇಲ್ ಸುದ್ದಾ ಒಪ್ಪಿಕೊಂಡಾನ. ಈಗ ಬಿಟ್ಟು ಹೆಂಗ ಬರ್ಲಿ?"

ನಾಲ್ಕು ದಿನ ನಗುತ್ತಲೇ ಇದ್ದ ಶಾಂತಕ್ಕ ಆಗ ಅತ್ತರು. ಅಳುತ್ತಲೇ ಗಂಡನ ಕಡೆ ತಿರುಗಿ, ಚಳಿಯಲ್ಲಿ ಸ್ವೆಟರ್ ಇಲ್ಲದೆ ಹೊರಗೆ ಬಂದದ್ದಕ್ಕೆ ಬೈದರು. ನನಗೂ ಕಣ್ಣು ತುಂಬಿತು. ಶ್ರೀಧರ ಕಾರು ಸ್ಟಾರ್ಟ್ ಮಾಡಿದ.

ಸೇತುವೆಯ ಮೇಲೆ ನಿಧಾನ ಮಾಡಿಸಿ ಹಿಂತಿರುಗಿ ನೋಡಿದೆ. ಇಬ್ಬರೂ ಮನೆಯ ಪಕ್ಕದಿಂದ ನೀರಿನಂಚಿಗೆ ಬಂದು ನಿಂತಿದ್ದರು. ಬಸಣ್ಣ ತಿರುವಿನ ಕಡೆ ಕೈ ತೋರಿಸಿ ಏನೋ ವಿವರಿಸುತ್ತಿದ್ದರು. ಕ್ಲಿನಿಕ್ಕಿನ ಮುಂದೆ ಅದಾಗಲೇ ಎರಡು ಕಾರು ಬಂದು ಕಾಯುತ್ತಿದ್ದವು, ಆದರೂ ಡಾಕ್ಟರಮ್ಮ ಅಲ್ಲಿಂದ ಕದಲಲಿಲ್ಲ. ಗಂಡ ಹೇಳುವುದನ್ನು ಕೊನೆಯವರೆಗೂ ಕೇಳುತ್ತ ನಿಂತಿದ್ದರು.